ಮೀನಿಲ್ಲದ ತೊಟ್ಟಿಯೂ ಖಾಲಿ ತೊಟ್ಟಿಯಲ್ಲ!

ತಾಳವಾಡಿ : ಮನೆಯಲ್ಲಿ ಸಾಕಿದ ಬಣ್ಣದ ಮೀನು ಸತ್ತುಹೋದರೆ ನಾವು ಮೊದಲು ಮಾಡುವ ಕೆಲಸ ಯಾವುದು? ತೊಟ್ಟಿಯನ್ನು ಹಿತ್ತಿಲಿಗೆ ಹೊತ್ತೊಯ್ದು ನೀರು ಚೆಲ್ಲುತ್ತೇವೆ. ಸೋಪಿನ ಪುಡಿ ಹಾಕಿ ಗಾಜನ್ನು ಫಳಫಳ ಹೊಳೆಯುವಂತೆ ಉಜ್ಜುತ್ತೇವೆ. ಕಲ್ಲುಗಳನ್ನು ಬಿಸಿಲಿಗೆ ಹರಡುತ್ತೇವೆ. ಫಿಲ್ಟರಿನ ಸ್ಪಂಜನ್ನು ಹಿಂಡಿ ಹಿಂಡಿ ಅದರ ಕಂದು ಬಣ್ಣ ಹೋಗುವವರೆಗೆ ತೊಳೆಯುತ್ತೇವೆ. ಆಮೇಲೆ ಎಲ್ಲವನ್ನೂ ಅಟ್ಟಕ್ಕೆ ಸೇರಿಸಿ, ಮುಂದಿನ ಸಲ ಮೈಸೂರಿಗೋ ಸತ್ಯಮಂಗಲಕ್ಕೋ ಹೋದಾಗ ಹೊಸ ಮೀನು ತಂದು ಬಿಡುತ್ತೇವೆ.

ಮೊದಲ ನಾಲ್ಕು ದಿನ ಮೀನುಗಳು ಚೆನ್ನಾಗಿಯೇ ಓಡಾಡುತ್ತವೆ. ಆರನೆಯ ದಿನ ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಹತ್ತನೆಯ ದಿನ ಬೆಳಿಗ್ಗೆ ಒಂದೊಂದಾಗಿ ತೇಲುತ್ತಿರುತ್ತವೆ. ಮತ್ತೆ ಸೋಪಿನ ಪುಡಿ, ಮತ್ತೆ ಬಿಸಿಲು, ಮತ್ತೆ ಅಟ್ಟ!

ನಮ್ಮ ಮನೆಯಲ್ಲಿ ಇದು ಎರಡು ಸಲ ನಡೆಯಿತು. ತಂಗಿಯ ಮಗಳಿಗೆಂದು ತಂದ ಗೋಲ್ಡ್ ಫಿಶ್ ಅವು. ಎರಡನೆಯ ಸಲ ಸತ್ತಾಗ ಪಕ್ಕದ ಮನೆಯ ಹಿರಿಯರೊಬ್ಬರು, "ಕೆಲವರ ಕೈಗುಣವೇ ಹಾಗೆ, ಪ್ರಾಣಿ ಪಕ್ಷಿ ಉಳಿಯೋದಿಲ್ಲ" ಎಂದುಬಿಟ್ಟರು. ಹುಡುಗಿ ಅದನ್ನು ಹಿಡಿದುಕೊಂಡಳು. "ಮಾವ, ಇನ್ನು ಮೀನು ತರಬೇಡಿ. ನಾನು ಊಟ ಹಾಕಿದ್ರೆ ಸತ್ತೋಗ್ತವೆ" ಎಂದಳು. ಆರನೇ ತರಗತಿಯ ಮಗು ಹೀಗೆ ಹೇಳಿದಾಗ ಸುಮ್ಮನಿರಲಾಗಲಿಲ್ಲ. ಪರಿಚಯದ ವಿಜ್ಞಾನ ಮೇಷ್ಟ್ರೊಬ್ಬರನ್ನು ಕೇಳಿದೆ. ಅವರು ಮೀನಿನ ವಿಷಯ ಕೇಳಲೇ ಇಲ್ಲ. "ತೊಟ್ಟಿ ಹೇಗೆ ತೊಳೆದ್ರಿ?" ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ವಿವರಿಸಿದೆ. ಅವರು ನಕ್ಕು, "ಹಾಗಾದ್ರೆ ಮೀನು ಸಾಯೋದಕ್ಕೆ ಮುಂಚೆ ನೀವು ಕೋಟಿಗಟ್ಟಲೆ ಜೀವ ತೆಗೆದಿದ್ದೀರಿ" ಎಂದರು.

ಆ ಕೋಟಿಗಟ್ಟಲೆ ಜೀವಗಳ ಕಥೆಯೇ ಈ ಲೇಖನ.

ತೊಟ್ಟಿಯಲ್ಲಿ ಮೀನಲ್ಲದೆ ಇನ್ಯಾರಿದ್ದಾರೆ?

ಮೀನು ಉಸಿರಾಡುವಾಗ ಅದರ ಕಿವಿರಿನಿಂದ ಅಮೋನಿಯಾ ಹೊರಬರುತ್ತದೆ. ಮೀನಿನ ಹಿಕ್ಕೆ, ತಿನ್ನದೆ ಬಿಟ್ಟ ಆಹಾರ, ಕೊಳೆತ ಎಲೆ ಇವುಗಳಿಂದಲೂ ಅದೇ ಅಮೋನಿಯಾ ಬರುತ್ತದೆ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ, ಕೆರೆಯಲ್ಲಿ ಪಾಚಿ ಹೀರಿಕೊಳ್ಳುತ್ತದೆ. ಐವತ್ತು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಅಲ್ಲೇ ಸೇರುತ್ತಾ ಹೋಗಿ ಮೀನಿಗೆ ವಿಷವಾಗುತ್ತದೆ.

ಇಲ್ಲಿ ನೆರವಿಗೆ ಬರುವುದು ಬ್ಯಾಕ್ಟೀರಿಯಾ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ಪಠ್ಯಪುಸ್ತಕದಲ್ಲಿ ಓದಿದ ನೈಟ್ರೊಸೋಮೊನಾಸ್ ಈ ಗುಂಪಿಗೆ ಸೇರಿದ್ದು. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡಲು ಇದೂ ಒಂದು ಕಾರಣ. ಎರಡನೆಯ ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಸಾಕು.

ಮನೆಯ ತೊಟ್ಟಿಗಳಲ್ಲಿ ಈ ಎರಡನೆಯ ಕೆಲಸ ಮಾಡುವುದು ಮುಖ್ಯವಾಗಿ ನೈಟ್ರೊಸ್ಪೈರಾ ಜಾತಿಯವು ಎಂದು ಅಮೆರಿಕದ ಟಿಮೊಥಿ ಹೊವಾನೆಕ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಸಿಹಿನೀರಿನ ಎಷ್ಟೋ ತೊಟ್ಟಿಗಳಲ್ಲಿ ಮೊದಲ ಕೆಲಸ ಮಾಡುವುದು ಬ್ಯಾಕ್ಟೀರಿಯಾಕ್ಕಿಂತ ಹೆಚ್ಚಾಗಿ ಆರ್ಕಿಯಾ ಎಂಬ ಬೇರೊಂದು ಸೂಕ್ಷ್ಮಜೀವಿ ಎಂದು 2011ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು ಕಂಡುಕೊಂಡರು. 2015ರಲ್ಲಿ ಎರಡೂ ಕೆಲಸವನ್ನು ಒಬ್ಬನೇ ಮಾಡಿ ಮುಗಿಸುವ ನೈಟ್ರೊಸ್ಪೈರಾ ಕೂಡ ಪತ್ತೆಯಾಯಿತು. ಹೆಸರು ಯಾವುದೇ ಇರಲಿ, ನಮ್ಮ ಪಾಲಿಗೆ ಇವೆಲ್ಲ ಒಂದೇ ಮನೆಯವರು. ಈ ಲೇಖನದಲ್ಲಿ ಎಲ್ಲವನ್ನೂ ಸೇರಿಸಿ ಬ್ಯಾಕ್ಟೀರಿಯಾ ಎಂದೇ ಕರೆಯೋಣ.

ಇವು ನಮಗೆ ಹೊಸಬರೇನೂ ಅಲ್ಲ. ಎಲೆಕೋಸಿಗೋ ಚೆಂಡುಹೂವಿಗೋ ಯೂರಿಯಾ ಹಾಕಿದರೆ ಅದು ಮಣ್ಣಿನಲ್ಲಿ ಮೊದಲು ಅಮೋನಿಯಾ ರೂಪಕ್ಕೆ ಬಂದು, ನಂತರ ನೈಟ್ರೇಟ್ ಆಗುತ್ತದೆ. ಆ ಕೆಲಸ ಮಾಡುವುದೂ ಇದೇ ಬಳಗ. ಹೊಲದಲ್ಲಿ ಗೊಬ್ಬರ ಮಾಡಿಕೊಡುವವರೇ ತೊಟ್ಟಿಯಲ್ಲಿ ಮೀನಿನ ಪ್ರಾಣ ಕಾಯುತ್ತಾರೆ.

ಇವು ನೀರಿನಲ್ಲಿ ತೇಲಾಡುವುದು ಕಡಿಮೆ. ಅಂಟಿಕೊಂಡು ಬಾಳುವುದು ಅವುಗಳ ಸ್ವಭಾವ. ಸ್ಪಂಜಿನ ರಂಧ್ರಗಳಲ್ಲಿ, ಕಲ್ಲಿನ ಮೈಮೇಲೆ, ಗಿಡದ ಎಲೆಯ ಮೇಲೆ ತೆಳುವಾದ ಲೋಳೆಯಾಗಿ ಕೂತಿರುತ್ತವೆ. ನಾವು ಹೊಲಸು ಎಂದುಕೊಂಡು ಹಿಂಡಿ ತೆಗೆಯುವ ಕಂದು ಬಣ್ಣದ ಲೋಳೆಯಲ್ಲೇ ಇವುಗಳ ಸಂಸಾರ. ದೀಪಾವಳಿ ಮುಗಿದ ಮೇಲೆ ಗೊರೆಹಬ್ಬದಲ್ಲಿ ಸಗಣಿ ಎರಚಾಡಿ ಸಂತೋಷಪಡುವ ಗುಮಟಾಪುರ ನಮ್ಮ ಪಕ್ಕದಲ್ಲೇ ಇದೆ. ಕಣ್ಣಿಗೆ ಕೊಳೆಯಾಗಿ ಕಂಡದ್ದೆಲ್ಲ ಕೊಳೆಯಲ್ಲ ಎಂದು ನಮ್ಮ ಜನಕ್ಕೆ ಬೇರೆಯಾಗಿ ಹೇಳಬೇಕೆ?

ಇವುಗಳ ತೊಂದರೆ ಒಂದೇ, ಬೆಳವಣಿಗೆ ತುಂಬಾ ನಿಧಾನ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ಪಾತ್ರೆ ತುಂಬಿಬಿಡುತ್ತವೆ. ಇವು ಒಂದು ಎರಡಾಗಲು ಅನುಕೂಲ ಇದ್ದಾಗಲೂ ಅರ್ಧ ದಿನದಿಂದ ಒಂದು ದಿನ ಬೇಕು. ಆದ್ದರಿಂದ ಹೊಸ ತೊಟ್ಟಿಯೊಂದು ಹದಕ್ಕೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಸೋಪಿನಲ್ಲಿ ತೊಳೆದ ಹಳೆಯ ತೊಟ್ಟಿಯೂ ಹೊಸ ತೊಟ್ಟಿಯೇ. ನಮ್ಮ ಮೀನು ಹತ್ತನೇ ದಿನಕ್ಕೆ ಏಕೆ ಸತ್ತವು ಎಂಬುದು ಈಗ ಅರ್ಥವಾಯಿತಲ್ಲವೆ?

ಮ್ಯಾಂಚೆಸ್ಟರಿನ ಬಾಟಲಿ, ಬೆಂಗಳೂರಿನ ನಂಟು

ಕೆಸರನ್ನು ಚೆಲ್ಲಬೇಡಿ ಎಂಬ ಪಾಠ ಜಗತ್ತಿಗೆ ಸಿಕ್ಕಿದ್ದು ಮೀನಿನ ತೊಟ್ಟಿಯಿಂದಲ್ಲ, ಚರಂಡಿ ನೀರಿನಿಂದ! ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಬಾಟಲಿಯಲ್ಲಿ ಚರಂಡಿ ನೀರು ತುಂಬಿ ಅದಕ್ಕೆ ಗಾಳಿ ಊದಿದರು. ಅದರಲ್ಲಿದ್ದ ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ಸುಮಾರು ಐದು ವಾರ ಹಿಡಿಯಿತು. ಅಷ್ಟು ಹೊತ್ತು ಕಾಯುತ್ತಾ ಕೂತರೆ ಊರಿನ ಚರಂಡಿ ಶುದ್ಧವಾಗುವುದು ಯಾವಾಗ?

ಆಗ ಅವರು ಒಂದು ಉಪಾಯ ಮಾಡಿದರು. ಮೇಲಿನ ತಿಳಿನೀರನ್ನು ಮಾತ್ರ ಬಗ್ಗಿಸಿ, ತಳದಲ್ಲಿ ಕೂತ ಕೆಸರನ್ನು ಹಾಗೆಯೇ ಉಳಿಸಿಕೊಂಡು, ಅದರ ಮೇಲೆ ಹೊಸ ಚರಂಡಿ ನೀರು ಹಾಕಿದರು. ಹೀಗೆ ಪ್ರತಿ ಸಲವೂ ಕೆಸರು ಉಳಿಸಿಕೊಳ್ಳುತ್ತಾ ಹೋದಂತೆ ಬೇಕಾದ ಸಮಯ ಕಡಿಮೆಯಾಗುತ್ತಾ ಬಂತು. ಕೊನೆಗೆ ಐದು ವಾರದ ಕೆಲಸ ಒಂದು ದಿನದೊಳಗೆ ಮುಗಿಯಿತು. 1914ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇಂದು ಜಗತ್ತಿನ ಎಷ್ಟೋ ನಗರಗಳ ಕೊಳಚೆ ನೀರು ಶುದ್ಧವಾಗುವುದು ಇದೇ ವಿಧಾನದಲ್ಲಿ.

ಆ ಇಬ್ಬರನ್ನು ಈ ದಾರಿಗೆ ಹಚ್ಚಿದವರು ಗಿಲ್ಬರ್ಟ್ ಫೌಲರ್. ಅವರು 1916ರಲ್ಲಿ ಬೆಂಗಳೂರಿಗೆ ಬಂದು, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ನಮ್ಮ ಕಡೆಗೂ ಈ ವಿದ್ಯೆ ಬಂದು ನೂರು ವರ್ಷ ದಾಟಿತು!

ಹಾಗೆ ನೋಡಿದರೆ ನಮ್ಮ ಮನೆಯ ಹೆಂಗಸರಿಗೆ ಇದು ಮೊದಲೇ ಗೊತ್ತು. ಹೆಪ್ಪು ಎನ್ನಿ, ತಮಿಳಿನಲ್ಲಿ ಉರೈ ಎನ್ನಿ, ಮೊಸರಿನ ಪಾತ್ರೆ ಖಾಲಿಯಾಗುವ ಮುಂಚೆ ಒಂದು ಚಮಚ ತೆಗೆದಿಡುವುದನ್ನು ಯಾರೂ ಮರೆಯುವುದಿಲ್ಲ. ಮೀನಿನ ತೊಟ್ಟಿಗೂ ಒಂದು ಹೆಪ್ಪು ಬೇಕು. ಅದು ಸ್ಪಂಜಿನಲ್ಲಿದೆ, ಕಲ್ಲಿನಲ್ಲಿದೆ.

ಯಾವುದರಿಂದ ಸಾಯುತ್ತವೆ?

ಮೀನಿಲ್ಲದಿದ್ದರೆ ಊಟವಿಲ್ಲ, ಊಟವಿಲ್ಲದಿದ್ದರೆ ಬ್ಯಾಕ್ಟೀರಿಯಾ ಮರುದಿನವೇ ಸಾಯುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಇವು ಹಸಿವನ್ನು ತಡೆದುಕೊಳ್ಳುವುದರಲ್ಲಿ ಗಟ್ಟಿಗರು. ಊಟ ಸಿಗದಿದ್ದರೆ ಚಟುವಟಿಕೆ ತಗ್ಗಿಸಿ ವಾರಗಟ್ಟಲೆ ಸುಮ್ಮನೆ ಕೂರುತ್ತವೆ. ಸಂಖ್ಯೆ ನಿಧಾನವಾಗಿ ಇಳಿಯುತ್ತದೆ ಅಷ್ಟೇ.

ಅವನ್ನು ಬೇಗ ಕೊಲ್ಲುವುದು ಬೇರೆಯೇ ಐದು ಸಂಗತಿಗಳು.

1. ಒಣಗುವುದು. ಬಿಸಿಲಿಗೆ ಹರಡಿದ ಕಲ್ಲಿನ ಮೇಲೆ ಬಹುಪಾಲು ಜೀವ ಉಳಿಯುವುದಿಲ್ಲ.

2. ಕ್ಲೋರಿನ್. ಪಂಚಾಯಿತಿ ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಹಾಕುವುದೇ ಬ್ಯಾಕ್ಟೀರಿಯಾ ಕೊಲ್ಲಲು. ಒಳ್ಳೆಯದು, ಕೆಟ್ಟದ್ದು ಎಂಬ ಭೇದ ಅದಕ್ಕಿಲ್ಲ. ನಲ್ಲಿಯ ಕೆಳಗೆ ಸ್ಪಂಜು ಹಿಡಿದು ತೊಳೆದರೆ ನಷ್ಟ ನಮಗೇ.

3. ಗಾಳಿ ಇಲ್ಲದಿರುವುದು. ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ತುಂಬಾ ಬೇಕು. ಅಮೋನಿಯಾದಲ್ಲಿರುವ ಒಂದು ಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ಪಂಪು ನಿಲ್ಲಿಸಿದ ಮುಚ್ಚಿದ ಫಿಲ್ಟರಿನೊಳಗೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿದುಹೋಗುತ್ತದೆ.

4. ಸೋಪು, ಡೆಟಾಲ್, ಫಿನಾಯಿಲ್. ಇವುಗಳ ಬಗ್ಗೆ ಹೇಳುವುದೇ ಬೇಡ.

5. ಮೀನಿನ ಔಷಧಿ. ಅಂಗಡಿಯವರು ಕೊಡುವ ನೀಲಿ ಬಣ್ಣದ ಮೆಥಿಲೀನ್ ಬ್ಲೂ, ಪೊಟ್ಯಾಸಿಯಂ ಪರ್ಮಾಂಗನೇಟ್, ಕೆಲವು ಆಂಟಿಬಯೋಟಿಕ್‌ಗಳು ಈ ಬ್ಯಾಕ್ಟೀರಿಯಾಗಳಿಗೂ ಹೊಡೆತ ಕೊಡುತ್ತವೆ. ಕಾಯಿಲೆಯ ಮೀನನ್ನು ಬೇರೆ ಬಕೆಟಿನಲ್ಲಿಟ್ಟು ಔಷಧಿ ಕೊಡುವುದು ಒಳ್ಳೆಯದು.

ಅಂದರೆ ಹಳೆಯ ಮೀನು ಹೋದ ಮೇಲೆ ಹೊಸ ಮೀನು ಬರುವವರೆಗೆ ನಾವು ಮಾಡಬೇಕಾದ್ದು ಮೂರೇ ಕೆಲಸ. ಒದ್ದೆಯಾಗಿಡಿ, ಗಾಳಿ ಕೊಡಿ, ಆಗಾಗ ಒಂದು ಚಿಟಿಕೆ ಊಟ ಹಾಕಿ.

ಎಷ್ಟು ದಿನಕ್ಕೆ ಏನು ಮಾಡಬೇಕು?

ಹತ್ತು ದಿನದೊಳಗೆ ಹೊಸ ಮೀನು ತರುವುದಿದ್ದರೆ ಹೆಚ್ಚೇನೂ ಬೇಡ. ಸತ್ತ ಮೀನನ್ನು ತೆಗೆಯಿರಿ. ಮೂರನೇ ಒಂದು ಭಾಗ ನೀರು ಬದಲಿಸಿ. ಫಿಲ್ಟರ್ ಮತ್ತು ಏರ್ ಪಂಪ್ ಓಡುತ್ತಲೇ ಇರಲಿ. ತೊಟ್ಟಿಯಲ್ಲಿ ಗಿಡ, ಬಸವನಹುಳು ಇದ್ದರೆ ಇರಲಿ ಬಿಡಿ. ಅವುಗಳ ಕೊಳೆಯೇ ಬ್ಯಾಕ್ಟೀರಿಯಾಕ್ಕೆ ಊಟ.

ಒಂದೆರಡು ತಿಂಗಳಾಗುವುದಿದ್ದರೆ ಊಟದ ವ್ಯವಸ್ಥೆ ಬೇಕು. ಅದಕ್ಕೆ ಮೀನಿನ ಆಹಾರವೇ ಸಾಕು. ನೀರಿನಲ್ಲಿ ಅದು ಕೊಳೆತು ಅಮೋನಿಯಾ ಬಿಡುತ್ತದೆ. ಲೆಕ್ಕ ಹೀಗಿದೆ. ನೂರಕ್ಕೆ 40 ಪಾಲು ಪ್ರೋಟೀನ್ ಇರುವ ಆಹಾರ ಒಂದು ಗ್ರಾಂ ತೆಗೆದುಕೊಂಡರೆ ಅದರಲ್ಲಿ ಸುಮಾರು 64 ಮಿಲಿಗ್ರಾಂ ಸಾರಜನಕ ಇರುತ್ತದೆ. 50 ಲೀಟರ್ ನೀರಿನಲ್ಲಿ ಅದೆಲ್ಲ ಅಮೋನಿಯಾ ಆದರೆ ಲೀಟರಿಗೆ 1.3 ಮಿಲಿಗ್ರಾಂ ಆಗುತ್ತದೆ. ಅಷ್ಟು ಒಟ್ಟಿಗೆ ಬೇಕಿಲ್ಲ. ಎರಡು ಮೂರು ದಿನಕ್ಕೊಮ್ಮೆ ಒಂದು ಸಣ್ಣ ಚಿಟಿಕೆ ಹಾಕಿದರೆ ಬಳಗ ಬದುಕಿಕೊಳ್ಳುತ್ತದೆ. ಹೆಚ್ಚು ಹಾಕಿದರೆ ನೀರು ಬೆಳ್ಳಗಾಗಿ ನಾತ ಬರುತ್ತದೆ.

ಕೆಲವರು ಅಮೋನಿಯಂ ಕ್ಲೋರೈಡ್ ಬಳಸುತ್ತಾರೆ. 50 ಲೀಟರಿಗೆ ಸುಮಾರು 0.2 ಗ್ರಾಂ ಹಾಕಿದರೆ ಲೀಟರಿಗೆ 1 ಮಿಲಿಗ್ರಾಂನಷ್ಟು ಅಮೋನಿಯಾ ಸಾರಜನಕ ಸಿಗುತ್ತದೆ. ಪಾತ್ರೆಗೆ ಕಲಾಯಿ ಹಾಕುವವರ ನವಸಾಗರವೂ ಇದೇ ವಸ್ತು. ಆದರೆ ಬಜಾರಿನಲ್ಲಿ ಸಿಗುವುದರಲ್ಲಿ ಬೇರೇನು ಬೆರೆತಿದೆಯೋ ಹೇಳಲಾಗದು. ಪ್ರಯೋಗಾಲಯಕ್ಕೆ ಮಾರುವ ಶುದ್ಧ ಪುಡಿ, ಸಣ್ಣ ತೂಕದ ತಕ್ಕಡಿ ಎರಡೂ ಇದ್ದವರು ಮಾತ್ರ ಈ ದಾರಿ ಹಿಡಿಯಲಿ. ಮಿಕ್ಕವರಿಗೆ ಚಿಟಿಕೆ ಆಹಾರವೇ ಕ್ಷೇಮ.

ಇಡೀ ತೊಟ್ಟಿ ಓಡಿಸಲು ಮನಸ್ಸಿಲ್ಲವೆ? ಸ್ಪಂಜು ಮತ್ತು ಸ್ವಲ್ಪ ಕಲ್ಲನ್ನು ತೊಟ್ಟಿಯದೇ ನೀರಿರುವ ಬಕೆಟಿಗೆ ಹಾಕಿ, ಏರ್ ಪಂಪಿನ ಗಾಳಿಕಲ್ಲು ಬಿಟ್ಟು, ಮನೆಯ ಮೂಲೆಯಲ್ಲಿಡಿ. ಗಾಜನ್ನು ಬೇಕಾದರೆ ಬರಿ ನೀರಿನಲ್ಲಿ ತೊಳೆದು ಒಣಗಿಸಿ. ಗಾಜಿಗಿಂತ ಸ್ಪಂಜಿನಲ್ಲೇ ಬಳಗ ಹೆಚ್ಚು.

ಒಂದು ಎಚ್ಚರಿಕೆ. ಮೀನಿಲ್ಲದ ನೀರೆಂದರೆ ಸೊಳ್ಳೆಗೆ ಹಬ್ಬ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದೇ ಇಂಥ ಮನೆಯೊಳಗಿನ ತಿಳಿನೀರಿನಲ್ಲಿ. ತೊಟ್ಟಿಗಾಗಲಿ ಬಕೆಟಿಗಾಗಲಿ ತೆಳುವಾದ ಬಟ್ಟೆ ಅಥವಾ ಸೊಳ್ಳೆ ಪರದೆ ಕಟ್ಟಿ. ಬಟ್ಟೆಯಿಂದ ಬೆಳಕು ತಗ್ಗಿ ಪಾಚಿಯೂ ಕಡಿಮೆಯಾಗುತ್ತದೆ. ಮ್ಯಾಂಚೆಸ್ಟರಿನವರೂ ತಮ್ಮ ಬಾಟಲಿಗೆ ಕಂದು ಕಾಗದ ಸುತ್ತಿದ್ದರು!

ಬೋರ್ ನೀರು, ಮಳೆ ನೀರು, ಕರೆಂಟು

ಬೆಟ್ಟದ ಮೇಲೆ ನೀರು ಒಂದೊಂದು ಮನೆಗೆ ಒಂದೊಂದು ಬಗೆ. ನಲ್ಲಿ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ತುಂಬಿ, ಒಂದು ದಿನ ಗಾಳಿಗೆ ಬಿಟ್ಟು ಬಳಸಿ. ಆತುರವಿದ್ದರೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣ ಬಳಸಿ. ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ಹೈಪೋ ಕೂಡ ಇದೇ ಕೆಲಸ ಮಾಡುತ್ತದೆ.

ಬೋರ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಗಡಸಾಗಿದ್ದರೆ ಬ್ಯಾಕ್ಟೀರಿಯಾಕ್ಕೆ ಅನುಕೂಲವೇ. ಏಕೆಂದರೆ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ, ಗಡಸು ನೀರಿನಲ್ಲಿ ಸಾಮಾನ್ಯವಾಗಿ ಇರುವ ಬೈಕಾರ್ಬನೇಟ್ ಅದನ್ನು ನುಂಗಿಹಾಕುತ್ತದೆ. ಬರಿ ಮಳೆ ನೀರು ತುಂಬಿದ ತೊಟ್ಟಿಯಲ್ಲಿ ಆ ಶಕ್ತಿ ಇಲ್ಲ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಎರಡನ್ನೂ ಬೆರೆಸಿ ಬಳಸುವುದು ಜಾಣತನ.

ಆದರೆ ಬೋರ್ ನೀರಿಗೆ ಇನ್ನೊಂದು ಮುಖವಿದೆ. ಪಿಎಚ್ ಹೆಚ್ಚಾದಷ್ಟೂ ಅಮೋನಿಯಾದ ವಿಷ ಹೆಚ್ಚು. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಕಡುವಿಷದ ರೂಪ ನೂರಕ್ಕೆ ಅರ್ಧ ಪಾಲು ಚಿಲ್ಲರೆ. ಪಿಎಚ್ 8 ಆದರೆ ಐದು ಪಾಲು ಚಿಲ್ಲರೆ. ಸುಮಾರು ಹತ್ತು ಪಟ್ಟು! ಆದ್ದರಿಂದ ಇಂಥ ನೀರಿನಲ್ಲಿ ಬ್ಯಾಕ್ಟೀರಿಯಾ ಸಿದ್ಧವಾಗುವ ಮೊದಲು ಮೀನು ಬಿಟ್ಟರೆ ಅವು ಬೇಗ ಸಾಯುತ್ತವೆ.

ಇನ್ನು ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎಷ್ಟು ಹೊತ್ತಿಗೆ ಬರುತ್ತದೋ ಹೇಳುವಂತಿಲ್ಲ. ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ಹೋದರೆ ಫಿಲ್ಟರಿನ ಡಬ್ಬಿ ಬಿಚ್ಚಿ ಸ್ಪಂಜನ್ನು ತೊಟ್ಟಿಯ ನೀರಿಗೇ ಬಿಡಿ. ತೆರೆದ ನೀರಿನ ಮೇಲ್ಮೈಯಿಂದ ಸ್ವಲ್ಪವಾದರೂ ಗಾಳಿ ಸಿಗುತ್ತದೆ. ಗಂಟೆಗೊಮ್ಮೆ ಲೋಟದಲ್ಲಿ ನೀರು ಎತ್ತಿ ಮೇಲಿಂದ ಸುರಿದರೂ ಪ್ರಯೋಜನವಿದೆ. ಬ್ಯಾಟರಿಯ ಸಣ್ಣ ಏರ್ ಪಂಪ್ ಇದ್ದರೆ ಇನ್ನೂ ಒಳ್ಳೆಯದು. ಕರೆಂಟು ಬಂದ ಮೇಲೆ ಡಬ್ಬಿಯಲ್ಲಿ ನಿಂತ ಕಪ್ಪು ನೀರನ್ನು ಚೆಲ್ಲಿಯೇ ಫಿಲ್ಟರ್ ಹಾಕಿ.

ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಆದರೆ ಕೆಲಸ ನಿಧಾನವಾಗುತ್ತದೆ. 25ರಿಂದ 30 ಡಿಗ್ರಿಯಲ್ಲಿ ಅವಕ್ಕೆ ಹುರುಪು. ಕೆಳಗೆ ಸತ್ಯಮಂಗಲದಲ್ಲಿ ನಾಲ್ಕು ವಾರಕ್ಕೆ ಹದವಾಗುವ ತೊಟ್ಟಿ ನಮ್ಮಲ್ಲಿ ಚಳಿಗಾಲದಲ್ಲಿ ಇನ್ನೂ ಒಂದೆರಡು ವಾರ ಕೇಳಬಹುದು. ಹೊಸದಾಗಿ ಶುರು ಮಾಡುವವರು ಶಿವರಾತ್ರಿ ಕಳೆದ ಮೇಲೆ ಮಾಡಿದರೆ ಸುಲಭ.

ಕೆರೆ ಒಣಗಿಸುತ್ತೇವಲ್ಲ, ತೊಟ್ಟಿ ಯಾಕೆ ಬೇಡ?

ಇದನ್ನು ಓದುವ ರೈತರು ಒಂದು ಪ್ರಶ್ನೆ ಕೇಳಬಹುದು. ಮೀನು ಸಾಕುವ ಹೊಂಡವನ್ನು ಒಂದು ಬೆಳೆ ತೆಗೆದ ಮೇಲೆ ಬಿರುಕು ಬಿಡುವವರೆಗೆ ಒಣಗಿಸಿ, ಸುಣ್ಣ ಹಾಕಿ, ಆಮೇಲೆ ನೀರು ಬಿಡಬೇಕು ಎಂದು ಮೀನುಗಾರಿಕೆ ಇಲಾಖೆಯವರೇ ಹೇಳುತ್ತಾರೆ. ಹೊಂಡಕ್ಕೆ ಒಂದು ನ್ಯಾಯ, ತೊಟ್ಟಿಗೆ ಒಂದು ನ್ಯಾಯವೆ?

ಹೌದು, ಎರಡೂ ಸರಿಯೇ. ಹೊಂಡದಲ್ಲಿ ಮೇಲಿನ ಮಣ್ಣು ಒಣಗಿದರೂ ಅಡಿಯ ತೇವದ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಉಳಿದಿರುತ್ತವೆ. ಒಣಗಿಸುವುದರಿಂದ ತಳದಲ್ಲಿ ಕೂಡಿದ ಕೊಳೆಗೆ ಗಾಳಿ ಸಿಗುತ್ತದೆ, ರೋಗದ ಬೀಜ ಮತ್ತು ಬೇಡದ ಮೀನು ನಾಶವಾಗುತ್ತವೆ. ನೀರು ಬಿಟ್ಟ ಮೇಲೆ ಅಮೋನಿಯಾವನ್ನು ಹೀರಲು ಹಸಿರು ಪಾಚಿಯೂ ಇದೆ. ಗಾಜಿನ ತೊಟ್ಟಿಯಲ್ಲಿ ಅಡಿಮಣ್ಣೂ ಇಲ್ಲ, ಅಷ್ಟು ಪಾಚಿಯೂ ಇಲ್ಲ. ಇರುವುದು ಒಂದು ಅಂಗೈಯಗಲದ ಸ್ಪಂಜು. ಅದನ್ನೂ ಒಣಗಿಸಿದರೆ ಬಿತ್ತನೆಗೆ ಬೀಜವೇ ಇಲ್ಲ.

ಯಾವಾಗ ನಿಜವಾಗಿಯೂ ತೊಳೆಯಬೇಕು?

ಮೀನು ಕಾಯಿಲೆಯಿಂದ ಸತ್ತಿದ್ದರೆ ಏನು ಮಾಡುವುದು? ಬಿಳಿ ಚುಕ್ಕೆ ರೋಗವಾದರೆ ಭಯವಿಲ್ಲ. ಆ ರೋಗದ ಪರೋಪಜೀವಿಗೆ ಮೀನಿನ ಮೈ ಸಿಗದಿದ್ದರೆ ಬೆಚ್ಚಗಿನ ನೀರಿನಲ್ಲಿ ಕೆಲವೇ ದಿನ ಆಯಸ್ಸು. 25 ಡಿಗ್ರಿಗೆ ಮೇಲಿರುವ ನೀರಿನಲ್ಲಿ ಎರಡು ವಾರ ಒಂದೂ ಮೀನಿಲ್ಲದಂತೆ ಫಿಲ್ಟರ್ ಓಡಿಸಿದರೆ ರೋಗ ತಾನೇ ಕಳೆಯುತ್ತದೆ, ಬ್ಯಾಕ್ಟೀರಿಯಾ ಉಳಿಯುತ್ತವೆ. ಚಳಿಗಾಲದಲ್ಲಾದರೆ ಇನ್ನಷ್ಟು ದಿನ ಬಿಡಿ.

ಆದರೆ ಮೀನುಗಳು ತಿಂಗಳುಗಟ್ಟಲೆ ಸೊರಗಿ, ಬೆನ್ನು ಬಾಗಿ, ಮೈಮೇಲೆ ಮಾಯದ ಹುಣ್ಣಾಗಿ ಸತ್ತಿದ್ದರೆ ಅದು ಮೀನಿನ ಕ್ಷಯವಿರಬಹುದು. ಆ ರೋಗಾಣು ಮೀನಿಲ್ಲದೆಯೂ ಬಹಳ ಕಾಲ ಉಳಿಯುತ್ತದೆ, ಗಾಯವಿದ್ದರೆ ಮನುಷ್ಯರ ಕೈಗೂ ಅಂಟುತ್ತದೆ. ಅಲ್ಲಿ ಕರುಣೆ ಬೇಡ. ಸ್ಪಂಜು ಎಸೆದು, ಕಲ್ಲು ತೊಟ್ಟಿ ಎಲ್ಲವನ್ನೂ ಕೈಗವಸು ಹಾಕಿ ಸ್ವಚ್ಛ ಮಾಡಿ, ಮೊದಲಿಂದ ಶುರು ಮಾಡಿ.

ಉಳಿದ ದಿನಗಳಲ್ಲಿ ಸ್ಪಂಜು ಕಟ್ಟಿಕೊಂಡಿದ್ದರೆ ತೊಟ್ಟಿಯದೇ ನೀರನ್ನು ಬಕೆಟಿಗೆ ತೆಗೆದು, ಅದರಲ್ಲಿ ಎರಡು ಸಲ ಮೆಲ್ಲಗೆ ಅದ್ದಿ ಹಿಂಡಿದರೆ ಸಾಕು. ಆ ನೀರನ್ನು ಚರಂಡಿಗೆ ಚೆಲ್ಲಬೇಡಿ. ಗಿಡದ ಬುಡಕ್ಕೆ ಹಾಕಿ, ಒಳ್ಳೆಯ ಗೊಬ್ಬರ.

ಮತ್ತೆ ಮೀನು ಬಿಡುವ ಮುನ್ನ

ಬ್ಯಾಕ್ಟೀರಿಯಾ ಉಳಿದಿವೆಯೇ ಎಂದು ತಿಳಿಯುವುದು ಹೇಗೆ? ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸುವ ಕಿಟ್‌ಗಳು ನಗರದ ಮೀನಿನ ಅಂಗಡಿಗಳಲ್ಲಿ ಸಿಗುತ್ತವೆ. ಮೇಲೆ ಹೇಳಿದ ಅಮೋನಿಯಂ ಕ್ಲೋರೈಡಿನಿಂದ ಲೀಟರಿಗೆ ಒಂದು ಮಿಲಿಗ್ರಾಂ ಅಮೋನಿಯಾ ಕೊಟ್ಟು 24 ಗಂಟೆ ಬಿಟ್ಟು ನೋಡಿ. ಎರಡೂ ಸೊನ್ನೆಯಾಗಿದ್ದರೆ ತೊಟ್ಟಿ ಸಿದ್ಧ. ಅಮೋನಿಯಾ ಹೋಗಿ ನೈಟ್ರೈಟ್ ನಿಂತಿದ್ದರೆ ಎರಡನೆಯ ಗುಂಪು ಇನ್ನೂ ಹಿಂದೆ ಬಿದ್ದಿದೆ ಎಂದರ್ಥ, ಒಂದು ವಾರ ತಾಳಿ. ಕಿಟ್ ಇಲ್ಲದವರು ಮೊದಲು ಎರಡೇ ಮೀನು ಬಿಟ್ಟು, ಊಟ ಕಡಿಮೆ ಹಾಕಿ, ಎರಡು ವಾರ ನೋಡಿ ಆಮೇಲೆ ಉಳಿದವನ್ನು ತನ್ನಿ. ಬ್ಯಾಕ್ಟೀರಿಯಾ ಬಳಗ ಇರುವ ಊಟಕ್ಕೆ ತಕ್ಕಷ್ಟೇ ಬೆಳೆದಿರುತ್ತದೆ. ಎರಡು ಮೀನಿಗೆ ಇದ್ದ ಬಳಗ ಹತ್ತು ಮೀನಿಗೆ ಸಾಲದು.

ಬಳಗ ಪೂರ್ತಿ ಹೋಗಿಬಿಟ್ಟಿದ್ದರೆ ಹೆಪ್ಪು ಕೇಳಿ ತನ್ನಿ. ಆರೋಗ್ಯವಾದ ಮೀನಿರುವ ಗೆಳೆಯರ ತೊಟ್ಟಿಯಿಂದ ಒಂದು ತುಂಡು ಸ್ಪಂಜು ಸಾಕು. ತರುವಾಗ ನೀರು ತುಂಬಿ ಬಿಗಿಯಾಗಿ ಕಟ್ಟಿದ ಕವರಿನಲ್ಲಿ ತರಬೇಡಿ, ಒಳಗೆ ಗಾಳಿ ಮುಗಿದುಹೋಗುತ್ತದೆ. ಒದ್ದೆ ಸ್ಪಂಜನ್ನು ಹೆಚ್ಚು ಗಾಳಿ ಇರುವ ಡಬ್ಬಿಯಲ್ಲಿಟ್ಟು ನೆರಳಿನಲ್ಲಿ ತನ್ನಿ. ದಿಂಬಂ ಘಾಟಿಯ 27 ತಿರುವು ಹತ್ತಿ ಬಂದರೂ ಕೆಡುವುದಿಲ್ಲ. ಆದರೆ 2022ರಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದನ್ನು ನೆನಪಿಟ್ಟು ಹಗಲಿನಲ್ಲೇ ಹೊರಡಿ. ಮೀನಿಗೂ ಸ್ಪಂಜಿಗೂ ರಾತ್ರಿಯಿಡೀ ಕಾಯುವುದು ಒಳ್ಳೆಯದಲ್ಲ.

ಅಂಗಡಿಗಳಲ್ಲಿ ಬಾಟಲಿ ಬ್ಯಾಕ್ಟೀರಿಯಾ ಕೂಡ ಸಿಗುತ್ತದೆ. ಕೆಲವು ಕೆಲಸ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಅದೂ ಜೀವವೇ ತಾನೆ? ಬಿಸಿಲಿನ ಗಾಜಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತಿದ್ದರೆ ಒಳಗೆ ಉಳಿದಿರುವುದು ಎಷ್ಟೋ! ತಾರೀಖು ನೋಡಿ ಕೊಳ್ಳಿ. ಕೊಂಡರೂ ಮೇಲಿನ ಪರೀಕ್ಷೆ ತಪ್ಪಿಸಬೇಡಿ.

ಕೈಗುಣವಲ್ಲ, ತೊಳೆದ ಗುಣ

ಮೇಷ್ಟ್ರ ಮಾತು ಕೇಳಿದ ಮೇಲೆ ನಮ್ಮ ಮನೆಯ ತೊಟ್ಟಿಯನ್ನು ಮತ್ತೆ ಇಳಿಸಿದೆವು. ಅವರ ತೊಟ್ಟಿಯ ಸ್ಪಂಜಿನಲ್ಲಿ ಅರ್ಧ ಕತ್ತರಿಸಿ ಕೊಟ್ಟರು. ಒಂದು ತಿಂಗಳು ಬರಿ ನೀರು, ಕಲ್ಲು, ಒಂದು ಗಿಡ. ದಿನ ಬಿಟ್ಟು ದಿನ ಚಿಟಿಕೆ ಊಟ ಹಾಕುವ ಕೆಲಸವನ್ನು ಹುಡುಗಿಗೇ ವಹಿಸಿದೆ. ಮೊದಮೊದಲು ಹಿಂಜರಿದಳು. "ಯಾರಿಗೆ ಊಟ ಮಾವ? ಒಳಗೆ ಯಾರೂ ಇಲ್ವಲ್ಲ" ಎಂದಳು. ಇದ್ದಾರೆ ಎಂದೆ. ಬಂದವರೆಲ್ಲ ಖಾಲಿ ತೊಟ್ಟಿಗೆ ಊಟ ಹಾಕುವ ಹುಡುಗಿಯನ್ನು ನೋಡಿ ನಕ್ಕರು. ಆಮೇಲೆ ಎರಡು ಮೀನು, ಮೂರು ವಾರದ ನಂತರ ಇನ್ನೆರಡು. ಈಗ ವರ್ಷ ಕಳೆದಿದೆ. ನಾಲ್ಕರಲ್ಲಿ ನಾಲ್ಕೂ ಇವೆ.

ಕೈಗುಣದ ಮಾತಾಡಿದ ಹಿರಿಯರಿಗೆ ಹುಡುಗಿ ಒಂದು ದಿನ ತಾನೇ ಹೇಳಿದಳು. "ತಾತ, ನನ್ನ ಕೈ ಸರಿಯಾಗಿತ್ತು. ಮಾವ ಸೋಪು ಹಾಕಿ ತೊಳೆದಿದ್ರು."

ನಿಮ್ಮ ಅಟ್ಟದ ಮೇಲೂ ಒಂದು ತೊಟ್ಟಿ ಇರಬಹುದು. ಕೆಳಗಿಳಿಸಿ ನೀರು ತುಂಬಿ. ಆದರೆ ಮೀನಿಗೆ ಅವಸರ ಮಾಡಬೇಡಿ, ಮೊದಲು ಕಣ್ಣಿಗೆ ಕಾಣದವರು ಬಂದು ನೆಲೆಸಲಿ.